ತಾಯಿಗೆ ಮುಟ್ಟು ಬೇಗ ನಿಂತಿತ್ತೇ? ಮಗಳಿಗೆ ತಿಳಿದಿರಲಿ



ಕಡಸು ಕೊಳ್ಳುವಾಗ ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು, ಎಷ್ಟು ಕರು ಹಾಕಿತ್ತು ಎಂದು ವಿಚಾರಿಸದೆ ನೀವು ಮುಂಗಡ ಕೊಡುವುದಿಲ್ಲ. ಆದರೆ ನಿಮ್ಮ ತಾಯಿಗೆ ಮುಟ್ಟು ನಿಂತದ್ದು ಯಾವ ವಯಸ್ಸಿನಲ್ಲಿ ಎಂದು ಕೇಳಿದರೆ ನಮ್ಮಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. ಮಗುವಿಗಾಗಿ ಕಾಯುತ್ತಿರುವ ಮಗಳಿಗೆ ಮಾತ್ರ ಇದು ಬಹಳ ಬೇಕಾದ ಮಾಹಿತಿ.

ಬೇಗ ಎಂದರೆ ಯಾವಾಗ?

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಮುಟ್ಟು ನಿಂತಿದೆ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ 46–47ರ ಆಸುಪಾಸಿನಲ್ಲಿ ಆಗುತ್ತದೆ. 45ಕ್ಕೆ ಮೊದಲೇ ನಿಂತರೆ ಬೇಗ ನಿಂತಂತೆ. 40ಕ್ಕೂ ಮೊದಲೇ ನಿಂತರೆ ಅಕಾಲ. ನೂರರಲ್ಲಿ ಒಬ್ಬರಿಗಾದರೂ ಹೀಗಾಗುತ್ತದೆ.

ಮಗಳಿಗೆ ಏನು ಸಂಬಂಧ?

ಹೆಣ್ಣುಮಗು ಹುಟ್ಟುವಾಗ ಅದರ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ 3–4 ಲಕ್ಷ ಉಳಿಯುತ್ತವೆ. ಖರ್ಚಾಗುತ್ತಾ ಹೋಗುವ ಈ ದಾಸ್ತಾನಿಗೆ ಹೊಸದು ಸೇರುವುದಿಲ್ಲ. ಅದು ಎಷ್ಟು ಬೇಗ ಮುಗಿಯುತ್ತದೆ ಎಂಬುದರಲ್ಲಿ ವಂಶದ ಪಾಲು ದೊಡ್ಡದು.

ಡೆನ್ಮಾರ್ಕ್ ದೇಶದಲ್ಲಿ 527 ಮಹಿಳೆಯರ ಮೇಲೆ ಅಧ್ಯಯನ ನಡೆದಿತ್ತು. ಅಂಡಾಣುಗಳ ದಾಸ್ತಾನು ತೋರಿಸುವ ಎ.ಎಂ.ಎಚ್. ಎಂಬ ಹಾರ್ಮೋನು, ತಾಯಿಗೆ 45ರೊಳಗೆ ಮುಟ್ಟು ನಿಂತವರಲ್ಲಿ ವರ್ಷಕ್ಕೆ ಶೇ. 8.6ರಂತೆ ಇಳಿಯುತ್ತಿತ್ತು. ತಾಯಿಗೆ 55ರ ನಂತರ ನಿಂತವರಲ್ಲಿ ಇಳಿತ ಶೇ. 4.2 ಮಾತ್ರ.

ಮುಟ್ಟು ನಿಲ್ಲುವುದಕ್ಕೆ ಹಲವು ವರ್ಷ ಮೊದಲೇ ಗರ್ಭ ನಿಲ್ಲುವುದು ಕಷ್ಟವಾಗುತ್ತದೆ. ತಿಂಗಳು ತಿಂಗಳೂ ಮುಟ್ಟಾಗುತ್ತಿದ್ದರೂ ಹೀಗಾಗಬಹುದು. ಆದ್ದರಿಂದ ತಾಯಿಗೆ 40ಕ್ಕೇ ನಿಂತಿದ್ದರೆ ಮಗಳಿಗೆ 30 ದಾಟುತ್ತಲೇ ತೊಂದರೆ ಕಾಣಿಸಬಹುದು. ಆದರೆ ತಾಯಿಗೆ ಆದದ್ದು ಮಗಳಿಗೂ ಆಗಲೇಬೇಕೆಂದಿಲ್ಲ. ಇದು ಎಚ್ಚರಿಕೆಯೇ ಹೊರತು ತೀರ್ಪಲ್ಲ.

ಗರ್ಭಕೋಶ ತೆಗೆಸಿದ್ದರೆ?

ನಮ್ಮ ಹಳ್ಳಿಗಳಲ್ಲಿ ಆಪರೇಷನ್ ಮಾಡಿಸಿ ಗರ್ಭಕೋಶ ತೆಗೆಸಿದವರು ಬಹಳ ಜನ ಇದ್ದಾರೆ. 35ಕ್ಕೆ ಗರ್ಭಕೋಶ ತೆಗೆಸಿ ಮುಟ್ಟು ನಿಂತಿದ್ದರೆ ಅದು ವಂಶದಿಂದ ಬಂದದ್ದಲ್ಲ. ಮಗಳು ಅದಕ್ಕಾಗಿ ಹೆದರಬೇಕಿಲ್ಲ. ತಾನಾಗಿಯೇ ನಿಂತಿತೇ, ಆಪರೇಷನ್ನಿಂದ ನಿಂತಿತೇ ಎಂಬುದನ್ನು ಬಿಡಿಸಿ ಹೇಳಿ.

ನೀವು ಮಾಡಬೇಕಾದುದು

• ತಾಯಿ, ಅಕ್ಕ, ಚಿಕ್ಕಮ್ಮ, ದೊಡ್ಡಮ್ಮ, ತಂದೆಯ ಅಕ್ಕತಂಗಿಯರು – ಇವರಿಗೆ ಮುಟ್ಟು ನಿಂತ ವಯಸ್ಸು ಕೇಳಿ ಬರೆದಿಡಿ. ತಂದೆಯ ಕಡೆಯಿಂದಲೂ ಇದು ಬರಬಹುದು. ಸೊಸೆಯ ವಿಷಯದಲ್ಲಿ ನೋಡಬೇಕಾದುದು ಅವಳ ತವರಿನ ಲೆಕ್ಕ.

• ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. 35 ದಾಟಿದ್ದರೆ ಆರು ತಿಂಗಳು ಸಾಕು. ವಂಶದಲ್ಲಿ ಬೇಗ ನಿಂತವರಿದ್ದರೆ ಅಷ್ಟೂ ಕಾಯಬೇಡಿ.

• 40ರೊಳಗೆ ಮೂರು ನಾಲ್ಕು ತಿಂಗಳು ಮುಟ್ಟು ತಪ್ಪಿದರೆ ಮೊದಲು ಗರ್ಭಿಣಿಯೇ ಎಂದು ಪರೀಕ್ಷಿಸಿ. ಅಲ್ಲದಿದ್ದರೆ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬೇಕಾಗುತ್ತದೆ. ಥೈರಾಯ್ಡ್ ತೊಂದರೆಯೂ ಕಾರಣವಿರಬಹುದು.

• ಗಂಡನಿಗೂ ವೀರ್ಯಪರೀಕ್ಷೆ ಆಗಲಿ. ಹೆಣ್ಣೊಬ್ಬಳನ್ನೇ ದೂರುವುದು ನ್ಯಾಯವಲ್ಲ.

• ಬೀಡಿ, ಸಿಗರೇಟಿನ ಹೊಗೆ ಮುಟ್ಟು ನಿಲ್ಲುವ ಕಾಲವನ್ನು ಇನ್ನಷ್ಟು ಮೊದಲಿಗೆ ತರುತ್ತದೆ. ದೂರವಿರಿ.

ಮೊದಲು ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಹೆಚ್ಚಿನ ತಪಾಸಣೆಗೆ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆಯ ಸ್ತ್ರೀರೋಗ ತಜ್ಞರನ್ನು ಕಾಣಬಹುದು.

ಇದನ್ನು ಓದಿ ಮಗಳ ಓದು ಬಿಡಿಸಿ ಅವಸರದಲ್ಲಿ ಮದುವೆ ಮಾಡಬೇಡಿ. ಓದು ಮುಗಿಸಿ, ಮದುವೆಯಾದ ಮೇಲೆ ಮಗು ಯಾವಾಗ ಎಂಬುದನ್ನು ಅವಳು ತಿಳಿದು ನಿರ್ಧರಿಸಲಿ. ಅದಕ್ಕೆ ಬೇಕಾದ ಲೆಕ್ಕ ನಿಮ್ಮಲ್ಲಿದೆ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ.