ದುಡಿಯುವ ಸ್ನಾಯುವಿನ ಕರೆ

ಕೋಲಾರದ ಚಿನ್ನದ ಗಣಿ ಪ್ರದೇಶದ ರೈಲುಹಾದಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ತರುವಾಯ ಇಲ್ಲಿನ ಸಾವಿರಾರು ಜನರು ಕಾಯಕವನ್ನರಸಿ ನಿತ್ಯವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುತ್ತಾರೆ. ನಸುಕಿನ ಗಾಡಿಯನ್ನು ಹಿಡಿಯಲು ಬಿರುಸಾಗಿ ನಡೆಯುವವರ ಕಾಲುಗಳಿಗೆ ಅಷ್ಟೊಂದು ರಕ್ತ ಒಮ್ಮೆಲೇ ಹೇಗೆ ಒದಗುತ್ತದೆ?

ವಿಶ್ರಾಂತಿಯಲ್ಲಿ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಅದರಲ್ಲಿ ಅಸ್ಥಿಸ್ನಾಯುಗಳಿಗೆ ಸಲ್ಲುವುದು ಹೆಚ್ಚೆಂದರೆ ಐದರಲ್ಲೊಂದು ಪಾಲು. ಕಠಿಣ ಶ್ರಮದಲ್ಲಿ ಈ ಪ್ರಮಾಣ 20 ಲೀಟರಿಗೂ ಏರಬಲ್ಲುದು. ಆಗ ಶೇಕಡಾ 80ರಷ್ಟು ಸ್ನಾಯುಗಳಿಗೇ ಹರಿಯುತ್ತದೆ. ಈ ಹಂಚಿಕೆ ಹೃದಯದ್ದೆಂದು ನಾವು ಭಾವಿಸುವುದುಂಟು. ವಾಸ್ತವವಾಗಿ ದುಡಿಯುವ ಸ್ನಾಯುವೇ ತನ್ನ ಪಾಲನ್ನು ಕೇಳಿ ಪಡೆಯುತ್ತದೆ. ಅದರಿಂದ ಹೊರಬರುವ ಪೊಟ್ಯಾಸಿಯಂ, ಅಡಿನೋಸಿನ್ ಮೊದಲಾದವು ನೆರೆಯ ಕಿರುಧಮನಿಗಳ ಗೋಡೆಯನ್ನು ಸಡಿಲಿಸುತ್ತವೆ. ಆಮ್ಲಜನಕವನ್ನು ಬಿಟ್ಟುಕೊಟ್ಟ ಕೆಂಪು ರಕ್ತಕಣವೂ ಎಟಿಪಿ ಎಂಬ ವಸ್ತುವನ್ನು ಸೂಸಿ ಅದೇ ಸುದ್ದಿಯನ್ನು ಮುಟ್ಟಿಸುತ್ತದೆ. ನಾಳದ ಒಳಪದರವು ನೈಟ್ರಿಕ್ ಆಕ್ಸೈಡನ್ನು ಉತ್ಪಾದಿಸಿ ನಾಳವನ್ನು ಹಿಗ್ಗಿಸುತ್ತದೆ. ಈ ಅನಿಲದ ಸಂಕೇತಕಾರ್ಯವನ್ನು ಅರಿತ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ನಮಗೆ ಇನ್ನೂ ಸೋಜಿಗವೆನಿಸುವ ಸಂಗತಿಯೊಂದಿದೆ. ಶ್ರಮದ ವೇಳೆ ರಕ್ತದೊತ್ತಡ ಕುಸಿಯದಂತೆ ನರಮಂಡಲವು ದೇಹದ ನಾಳಗಳನ್ನು ಬಿಗಿಗೊಳಿಸುತ್ತದೆ. ದುಡಿಯುವ ಸ್ನಾಯುವಿನ ನಾಳಗಳು ಮಾತ್ರ ಆ ಆಜ್ಞೆಯನ್ನು ಬಹುಮಟ್ಟಿಗೆ ಮೀರಿ ತೆರೆದೇ ಇರುತ್ತವೆ.

ನೆಲದಡಿ 3 ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯ ಕಾವಿನಲ್ಲಿ ದುಡಿದ ಹಿರಿಯರ ದೇಹವು ಏಕಕಾಲಕ್ಕೆ ಎರಡು ಕರೆಗಳಿಗೆ ಓಗೊಡಬೇಕಾಗಿತ್ತು: ಸ್ನಾಯು ರಕ್ತವನ್ನು ಬೇಡುತ್ತಿತ್ತು, ಶಾಖವನ್ನು ಹೊರಹಾಕಲು ಚರ್ಮವೂ ಬೇಡುತ್ತಿತ್ತು. ಬಿರುಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರ ಪಾಡೂ ಇದೇ.

ಕರೆ ಹೋದರೂ ರಕ್ತ ಬಾರದ ಸ್ಥಿತಿಯೊಂದುಂಟು. ಬೀಡಿ ಸಿಗರೇಟು, ಮಧುಮೇಹ, ಅಧಿಕ ರಕ್ತದೊತ್ತಡಗಳಿಂದ ಕಾಲಿನ ಧಮನಿ ಕಿರಿದಾದಾಗ ಸ್ವಲ್ಪ ದೂರ ನಡೆಯುತ್ತಲೇ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಕೆಲವೇ ನಿಮಿಷಗಳಲ್ಲಿ ನೋವು ಇಳಿಯುತ್ತದೆ. ಇದನ್ನು ವಯಸ್ಸಿನ ನೋವೆಂದು ಎಣ್ಣೆ ತಿಕ್ಕಿ ಸುಮ್ಮನಾಗುವವರೇ ಹೆಚ್ಚು. ಅದು ಸಲ್ಲದು; ಇದೇ ರೋಗವಿರುವವರಲ್ಲಿ ಹೃದಯಾಘಾತದ ಸಂಭವವೂ ಅಧಿಕ. ತೋಳು ಮತ್ತು ಕಣಕಾಲುಗಳ ರಕ್ತದೊತ್ತಡವನ್ನು ಹೋಲಿಸಿ ನೋಡುವ ಸರಳ ಪರೀಕ್ಷೆಯಿಂದ ವೈದ್ಯರು ಇದನ್ನು ಗುರುತಿಸಬಲ್ಲರು. ಧೂಮಪಾನವನ್ನು ತೊರೆದು, ವೈದ್ಯರ ಸಲಹೆಯಂತೆ ನೋವು ಬಂದಾಗ ನಿಂತು, ಇಳಿದ ಮೇಲೆ ಮತ್ತೆ ನಡೆಯುವ ಅಭ್ಯಾಸದಿಂದ ನಡೆಯಬಲ್ಲ ದೂರ ತಿಂಗಳುಗಳಲ್ಲಿ ಹೆಚ್ಚುತ್ತದೆ. ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಗಾಯ ಮಾಯದಿದ್ದರೆ, ಬೆರಳು ಕಪ್ಪಾದರೆ ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು.