ಅಂತರಜಾಲದ ಪ್ರಾಥಮಿಕ ಪಠ್ಯದಲ್ಲಿ ಕನ್ನಡ ಲಿಪಿಸಂಕೇತದ ಸ್ಥಾನ

ಪದವಿ ತರಗತಿಗಳಲ್ಲಿ ಅಂತರಜಾಲವನ್ನೂ ಜಾಲತಾಣ ನಿರ್ಮಾಣವನ್ನೂ ಪರಿಚಯಿಸುವ ಪ್ರಾಥಮಿಕ ಪಠ್ಯವು ಸಾಮಾನ್ಯವಾಗಿ ಒಂದು ಗೊತ್ತಾದ ಕ್ರಮವನ್ನು ಅನುಸರಿಸುತ್ತದೆ. ಮೊದಲು ಅಂತರಜಾಲದ ಚರಿತ್ರೆ, ಅನಂತರ ಎಚ್‌ಟಿಎಂಎಲ್ ಎಂಬ ಪುಟರಚನೆಯ ಭಾಷೆ, ಬಳಿಕ ಬಣ್ಣ, ಚಿತ್ರ, ವಿನ್ಯಾಸ, ಕೊನೆಗೆ ಪ್ರಕಟಣೆ. ಇಂಗ್ಲಿಷ್ ಪುಟವನ್ನು ರಚಿಸುವ ವಿದ್ಯಾರ್ಥಿಗೆ ಈ ಕ್ರಮ ಸಾಕು. ಕನ್ನಡ ಪುಟವನ್ನು ರಚಿಸುವವನಿಗೆ ಸಾಲದು. ಅಕ್ಷರವು ಗಣಕದಲ್ಲಿ ಹೇಗೆ ದಾಖಲಾಗುತ್ತದೆಂಬುದನ್ನು ಅರಿಯದೆ ಕಟ್ಟಿದ ಪುಟವು ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕದ ಪಾಲಿಗೆ ಕನ್ನಡವಾಗದೆ ಉಳಿಯಬಹುದು. ಆದ್ದರಿಂದ ಕನ್ನಡ ವಿಭಾಗಗಳು ರೂಪಿಸುವ ಪಠ್ಯದಲ್ಲಿ ಲಿಪಿಸಂಕೇತದ ಪಾಠವು ವಿನ್ಯಾಸದ ಪಾಠಕ್ಕಿಂತ ಮೊದಲೇ ಬರಬೇಕಾಗುತ್ತದೆ.

ಅಂತರಜಾಲ ಮತ್ತು ವೆಬ್

ಈ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವ ರೂಢಿಯಿದೆ. ಆದರೆ ಅಂತರಜಾಲವೆಂಬುದು ಗಣಕಗಳ ನಡುವಣ ಸಂಪರ್ಕವ್ಯವಸ್ಥೆ. ಅದಕ್ಕೆ ಆಧಾರವಾದ ಟಿಸಿಪಿ/ಐಪಿ ನಿಯಮಾವಳಿಯನ್ನು ಅಮೆರಿಕದ ಅರ್ಪಾನೆಟ್ 1983ರ ಜನವರಿ 1ರಂದು ಅಳವಡಿಸಿಕೊಂಡಿತು. ವೆಬ್ ಎಂಬುದು ಈ ವ್ಯವಸ್ಥೆಯ ಮೇಲೆ ನಡೆಯುವ ಹಲವು ಸೇವೆಗಳಲ್ಲಿ ಒಂದು. ಜಿನೀವಾ ಬಳಿಯ ಸರ್ನ್ ಸಂಶೋಧನ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಇದರ ಪ್ರಸ್ತಾವವನ್ನು ಮಂಡಿಸಿದರು. 1993ರಲ್ಲಿ ಸರ್ನ್ ಅದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸುವಂತೆ ಮುಕ್ತಗೊಳಿಸಿತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಿಂದ, ವಿದೇಶ ಸಂಚಾರ ನಿಗಮದ ಮೂಲಕ.

ಆಕೃತಿಯೋ ಅಕ್ಷರವೋ

ಆ ಕಾಲದಲ್ಲಿ ಕನ್ನಡವನ್ನು ತೆರೆಯ ಮೇಲೆ ಮೂಡಿಸಲು ಕಂಡುಕೊಂಡ ಉಪಾಯ ಸರಳವಾಗಿತ್ತು. ಒಂದು ಫಾಂಟಿನಲ್ಲಿದ್ದ 256 ಸ್ಥಾನಗಳಲ್ಲಿ ರೋಮನ್ ಅಕ್ಷರಗಳ ಬದಲಿಗೆ ಕನ್ನಡದ ಆಕೃತಿಗಳನ್ನು ಕೂರಿಸಲಾಯಿತು. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ‘ಕ’ ಎಂಬುದು ಒಂದು ಅಕ್ಷರವಲ್ಲ. ಒಡಲು ಮತ್ತು ತಲೆಕಟ್ಟು ಎಂಬ ಎರಡು ಆಕೃತಿಗಳ ಜೋಡಣೆ. ‘ಕಿ’ ಮಾತ್ರ ಒಂದೇ ಆಕೃತಿ. ಹೀಗಾಗಿ ‘ಕ’ಕಾರಕ್ಕೂ ಅದರ ಗುಣಿತಕ್ಕೂ ಇರುವ ವ್ಯಾಕರಣಸಂಬಂಧ ಗಣಕಕ್ಕೆ ಗೋಚರವಾಗುವುದಿಲ್ಲ. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಅಚ್ಚಿನ ಪುಟವನ್ನು ಸಿದ್ಧಪಡಿಸಲು ಈ ವಿಧಾನ ಬಹುಕಾಲ ಉಪಕಾರಿಯಾಯಿತೆಂಬುದನ್ನು ಮರೆಯಲಾಗದು. ಆದರೆ ಹುಡುಕುವುದಕ್ಕೆ, ಅಕಾರಾದಿಯಾಗಿ ಜೋಡಿಸುವುದಕ್ಕೆ, ಪದಪ್ರಯೋಗಗಳನ್ನು ಎಣಿಸುವುದಕ್ಕೆ ಅದು ಒದಗುವುದಿಲ್ಲ.

ಯೂನಿಕೋಡ್ ಈ ಸಮಸ್ಯೆಯನ್ನು ಬೇರೊಂದು ದಿಕ್ಕಿನಿಂದ ಬಿಡಿಸಿತು. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿವೆ. ಇಲ್ಲಿ ‘ಕ’ಕಾರದ ಸಂಖ್ಯೆ 3221, ಯಾವ ಫಾಂಟಿನಲ್ಲಾದರೂ, ಯಾವ ಗಣಕದಲ್ಲಾದರೂ ಅದೇ. ಸಂಯುಕ್ತಾಕ್ಷರಗಳು ಆಕೃತಿಯ ಕ್ರಮದಲ್ಲಲ್ಲದೆ ಉಚ್ಚಾರಣೆಯ ಕ್ರಮದಲ್ಲಿ ದಾಖಲಾಗುತ್ತವೆ. ‘ಧರ್ಮ’ ಎಂಬ ಪದವನ್ನು ಗಮನಿಸಬಹುದು. ಬರೆಯುವಾಗ ಅರ್ಕಾವೊತ್ತು ‘ಮ’ಕಾರದ ನಂತರ ಬರುತ್ತದೆ, ಹಳೆಯ ಫಾಂಟುಗಳಲ್ಲಿ ದಾಖಲಾಗುತ್ತಿದ್ದುದೂ ಹಾಗೆಯೇ. ಯೂನಿಕೋಡಿನಲ್ಲಿ ಅದು ಧ, ರ, ವಿರಾಮಚಿಹ್ನೆ, ಮ ಎಂಬ ನಾಲ್ಕು ಘಟಕಗಳಾಗಿ, ನುಡಿಯುವ ಕ್ರಮದಲ್ಲಿಯೇ ಉಳಿಯುತ್ತದೆ. ಅರ್ಕಾವೊತ್ತನ್ನು ಎಲ್ಲಿ ಕೂರಿಸಬೇಕೆಂಬುದು ಫಾಂಟಿನ ಹೊಣೆ. ಸಂಧಿಯನ್ನೂ ಕಾಗುಣಿತವನ್ನೂ ಬಲ್ಲ ಕನ್ನಡದ ವಿದ್ಯಾರ್ಥಿಗೆ ಈ ಪಾಠ ಹೊಸದಲ್ಲ. ತಾನು ಕಲಿತ ವರ್ಣವಿವೇಚನೆಯೇ ಇಲ್ಲಿ ಬೇರೊಂದು ರೂಪದಲ್ಲಿ ಎದುರಾಗುತ್ತದೆ.

ಹಳಗನ್ನಡದ ಅಧ್ಯಯನಕ್ಕೆ ಅಗತ್ಯವಾದ ಱಕಾರ, ೞಕಾರಗಳಿಗೂ ಇದರಲ್ಲಿ ಸ್ಥಾನಗಳಿವೆ (3249, 3294). ಆದರೆ ೞಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘ಫ’ ಎಂಬ ಧ್ವನಿಯನ್ನು ಸೂಚಿಸುವ ತಪ್ಪು ಹೆಸರು ಸೇರಿಕೊಂಡಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವುದರಿಂದ ಅದು ಹಾಗೆಯೇ ನಿಂತಿದೆ. ಅಕ್ಷರದ ಬಳಕೆಗೆ ಇದರಿಂದ ತೊಡಕಿಲ್ಲ. ಆದರೂ ಲಿಪಿಗೆ ಸಂಬಂಧಿಸಿದ ತಾಂತ್ರಿಕ ನಿರ್ಣಯಗಳಲ್ಲಿ ಭಾಷಾವಿದ್ವಾಂಸರ ಪರಿಶೀಲನೆ ಎಷ್ಟು ಅವಶ್ಯವೆಂಬುದಕ್ಕೆ ಇದೊಂದು ಸ್ಪಷ್ಟ ನಿದರ್ಶನ.

ಪ್ರಾಯೋಗಿಕ ಪಾಠ

ಇಷ್ಟನ್ನು ಅರಿತ ಬಳಿಕ ಪುಟರಚನೆ ಕಠಿಣವಲ್ಲ. ಶೀರ್ಷಿಕೆ, ಉಪಶೀರ್ಷಿಕೆ, ಪರಿಚ್ಛೇದ, ಪಟ್ಟಿ, ಕೊಂಡಿ ಇವನ್ನು ಗುರುತಿಸುವ ಎಚ್‌ಟಿಎಂಎಲ್ ಸೂಚನೆಗಳನ್ನು ಕೆಲವೇ ತರಗತಿಗಳಲ್ಲಿ ಕಲಿಸಬಹುದು. ಅವುಗಳೊಂದಿಗೆ ಎರಡು ಘೋಷಣೆಗಳು ಕಡ್ಡಾಯವಾಗಬೇಕು. ಪುಟದ ಸಂಕೇತವ್ಯವಸ್ಥೆ ಯುಟಿಎಫ್-8 ಎಂಬುದು ಒಂದು. ಪುಟದ ಭಾಷೆ ಕನ್ನಡ ಎಂಬುದು ಇನ್ನೊಂದು. ಮೊದಲನೆಯದರಿಂದ ಬ್ರೌಸರ್ ಅಕ್ಷರಗಳನ್ನು ಸರಿಯಾಗಿ ಓದುತ್ತದೆ. ಎರಡನೆಯದರಿಂದ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಯಾವ ಭಾಷೆಯಲ್ಲಿ ಓದಬೇಕೆಂಬುದು ತಿಳಿಯುತ್ತದೆ.

ಅಭ್ಯಾಸಕ್ಕಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಸ್ಥಳನಾಮಗಳನ್ನೋ ಗಾದೆಗಳನ್ನೋ ಶಾಸನವೊಂದರ ಪಾಠವನ್ನೋ ಒಂದು ಪುಟವಾಗಿ ಸಿದ್ಧಪಡಿಸಬಹುದು. ಮೌಲ್ಯಮಾಪನದಲ್ಲಿ ಪುಟದ ಅಂದಕ್ಕಿಂತ ಮೂರು ಪರೀಕ್ಷೆಗಳಿಗೆ ಹೆಚ್ಚಿನ ಅಂಕಗಳಿರಬೇಕು. ಪುಟದಲ್ಲಿನ ಪದವನ್ನು ಹುಡುಕಿದರೆ ಸಿಗುವುದೇ? ನಕಲಿಸಿ ಬೇರೆಡೆ ಅಂಟಿಸಿದರೆ ಅಕ್ಷರಗಳು ಕೆಡದೆ ಉಳಿಯುವುವೇ? ಬೇರೊಂದು ಗಣಕದಲ್ಲೂ ಮೊಬೈಲಿನಲ್ಲೂ ಹಾಗೆಯೇ ಕಾಣುವುದೇ? ತಾಳೆಗರಿಯ ಅಥವಾ ಶಾಸನದ ಛಾಯಾಚಿತ್ರವನ್ನು ಸೇರಿಸಿದಲ್ಲಿ ಅದರ ಪಾಠವನ್ನೂ ಬೆರಳಚ್ಚು ಮಾಡಿ ಕೊಡಬೇಕು; ಚಿತ್ರದೊಳಗಿನ ಅಕ್ಷರ ಹುಡುಕಾಟಕ್ಕೆ ನೇರವಾಗಿ ಸಿಗುವುದಿಲ್ಲ. ಪುಟದ ಪ್ರತಿಯನ್ನು ತನ್ನಲ್ಲೂ ಇರಿಸಿಕೊಳ್ಳುವುದು ಲೇಸು. ಉಚಿತವಾಗಿ ಜಾಗ ನೀಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿದಾಗ ಅಸಂಖ್ಯ ಪುಟಗಳು ತಮ್ಮ ನೆಲೆಯನ್ನೇ ಕಳೆದುಕೊಂಡವು.

ಈ ಪಾಠದ ಪ್ರಯೋಜನ ತರಗತಿಗಷ್ಟೇ ಸೀಮಿತವಲ್ಲ. ವಚನ ಸಂಚಯ ಜಾಲತಾಣವು 20,000ಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿನಲ್ಲಿ ಒದಗಿಸಿದ ಮೇಲೆ, ಒಂದು ಪದವನ್ನು ಯಾವ ವಚನಕಾರರು ಎಲ್ಲೆಲ್ಲಿ ಬಳಸಿದ್ದಾರೆಂಬುದನ್ನು ಕ್ಷಣದಲ್ಲಿ ತಿಳಿಯುವುದು ಸಾಧ್ಯವಾಯಿತು. ಹಿಂದೆ ಇದಕ್ಕೆ ಸಂಪುಟಗಳನ್ನೆಲ್ಲ ತಿರುವಿಹಾಕಬೇಕಿತ್ತು. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪ್ರಬಂಧಗಳು, ಜಾನಪದ ಸಂಗ್ರಹಗಳು, ಪದಕೋಶಗಳು ಪರಿವರ್ತನೆಗೊಳ್ಳದಿದ್ದರೆ ಇಂಥ ಹುಡುಕಾಟಕ್ಕೆ ಎಟುಕುವುದಿಲ್ಲ. ಪರಿವರ್ತಕ ತಂತ್ರಾಂಶಗಳಿದ್ದರೂ ಅವು ಕೊಟ್ಟ ಪಾಠವನ್ನು ಮೂಲದೊಡನೆ ಹೋಲಿಸಿ ತಿದ್ದಬೇಕಾಗುತ್ತದೆ. ಪಾಠಾಂತರಗಳನ್ನು ಗುರುತಿಸಿ ಶುದ್ಧಪಾಠವನ್ನು ನಿರ್ಣಯಿಸುವ ಶಿಸ್ತು ಕನ್ನಡ ವಿಭಾಗಗಳಿಗೆ ಪರಂಪರೆಯಿಂದ ಬಂದದ್ದು. ಜಾಲತಾಣದ ಪ್ರಾಥಮಿಕ ಪಠ್ಯವನ್ನು ಗಣಕವಿಜ್ಞಾನ ವಿಭಾಗಕ್ಕೆ ಒಪ್ಪಿಸಿ ಸುಮ್ಮನಾಗದೆ ಕನ್ನಡ ಅಧ್ಯಾಪಕರೇ ಅದರ ಒಂದು ಭಾಗವನ್ನು ಬೋಧಿಸಬೇಕೆಂಬುದಕ್ಕೆ ಇದೇ ಮುಖ್ಯ ಕಾರಣ.