5.56 ಗುಂಡು ಶತ್ರುವನ್ನು ಗಾಯಗೊಳಿಸಲು ಮಾತ್ರವೇ? ಆ ಮೆಸೇಜ್ ಎಷ್ಟು ನಿಜ?

“ಇನ್ಸಾಸ್ ರೈಫಲ್ಲಿನ 5.56 ಗುಂಡು ಕೊಲ್ಲುವುದಿಲ್ಲ, ಗಾಯ ಮಾತ್ರ ಮಾಡುತ್ತದೆ. ಗಾಯಾಳುವನ್ನು ಹೊರಲು ಇನ್ನಿಬ್ಬರು ಬೇಕು. ಅಲ್ಲಿಗೆ ಒಂದೇ ಗುಂಡಿಗೆ ಮೂವರು ಔಟ್! ಕೊಲ್ಲಲು 7.62 ಬೇಕು.” ಹೆಚ್ಚುಕಡಿಮೆ ಹೀಗಿರುವ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಮಗ ಸೈನ್ಯದಲ್ಲಿರುವ ಮನೆಯವರು ಇದನ್ನು ಓದಿದರೆ, ಅವನ ಕೈಗೆ ಅರೆಬರೆ ಬಂದೂಕು ಕೊಟ್ಟಿದ್ದಾರೆ ಎಂದೇ ಅಂದುಕೊಳ್ಳುತ್ತಾರೆ.

ಇದು ನಿಜವಲ್ಲ. ಗಾಯಗೊಂಡ ಶತ್ರು ತಿರುಗಿ ಗುಂಡು ಹಾರಿಸಬಲ್ಲ. ಅವನನ್ನು ಹಾಗೆ ಉಳಿಸಲು ಯಾವ ಸೈನ್ಯ ತಾನೇ ಬಯಸೀತು?

5.56ರ ಹಿಂದಿರುವುದು ತೂಕದ ಲೆಕ್ಕ. ಕಾಲಾಳುಗಳ ಗುಂಡು ಗುರಿ ಮುಟ್ಟುವುದು ಬಹುತೇಕ 300 ಗಜದ ಒಳಗೇ ಎಂದು 1952ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ನಡೆದ ಅಧ್ಯಯನವೊಂದು ಹೇಳಿತು. ಅಷ್ಟು ದೂರಕ್ಕೆ ಭಾರೀ ಗುಂಡು ಯಾಕೆ? 7.62×51ರ ಒಂದು ಕಾಡತೂಸು ಸುಮಾರು 24 ಗ್ರಾಂ, 5.56ರದ್ದು ಸುಮಾರು 12 ಗ್ರಾಂ. ಅದೇ ತೂಕಕ್ಕೆ ಎರಡು ಪಟ್ಟು ಕಾಡತೂಸು ಒಯ್ಯಬಹುದು. ಹಿಂದಕ್ಕೆ ಒದೆಯುವುದೂ ಕಡಿಮೆ, ಹಾಗಾಗಿ ಎರಡನೇ ಗುಂಡಿನ ಗುರಿ ತಪ್ಪುವುದಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಎಂ16 ರೈಫಲ್ ಬಂದದ್ದು ಹೀಗೆ. 1980ರಲ್ಲಿ ನೇಟೋ ದೇಶಗಳೂ 5.56 ಅನ್ನು ಒಪ್ಪಿಕೊಂಡವು.

ಇನ್ನು 7.62ರ ವಿಷಯ. ಈ ಅಂಕಿ ನಳಿಕೆಯ ಒಳ ಅಗಲ ಮಾತ್ರ, ಗುಂಡಿನ ಬಲ ಅಲ್ಲ. ಬಲ ಬರುವುದು ಹಿತ್ತಾಳೆ ಕೊಳವೆಯೊಳಗಿನ ಮದ್ದಿನಿಂದ. ಅದರ ಉದ್ದವೇ ಎರಡನೇ ಅಂಕಿ. ನಮ್ಮ ಹಳೆಯ ಎಸ್‌ಎಲ್‌ಆರ್ ಮತ್ತು ಈಗಿನ ಸಿಗ್ 716 ರೈಫಲ್‌ಗಳದ್ದು 7.62×51. ಇದರ ಗುಂಡು ನಳಿಕೆ ಬಿಡುವಾಗ ಸುಮಾರು 3,300 ಜೂಲ್ ಶಕ್ತಿ ಇರುತ್ತದೆ. ಎಕೆ ರೈಫಲ್‌ಗಳದ್ದು 7.62×39, ಶಕ್ತಿ ಸುಮಾರು 2,000 ಜೂಲ್. 5.56ರದ್ದು ಸುಮಾರು 1,700. ಅಂದರೆ ಎಕೆ ಗುಂಡು ಬಲದಲ್ಲಿ ತನ್ನದೇ ಅಂಕಿಯ ಅಣ್ಣನಿಗಿಂತ 5.56ಕ್ಕೇ ಹತ್ತಿರ! ಒಂದರ ಕಾಡತೂಸು ಇನ್ನೊಂದರ ರೈಫಲ್ಲಿಗೆ ಆಗುವುದೂ ಇಲ್ಲ.

ಹಾಗಾದರೆ 5.56ರ ಮೇಲಿನ ದೂರೆಲ್ಲ ಸುಳ್ಳೇ? ಅಲ್ಲ. ಈ ಗುಂಡು ಕೆಲಸ ಮಾಡುವುದು ವೇಗದಿಂದ. ಸೆಕೆಂಡಿಗೆ 900 ಮೀಟರಿಗೂ ಹೆಚ್ಚು ವೇಗದಲ್ಲಿ ಹೊರಟು, ಹತ್ತಿರದಲ್ಲಿ ತಾಗಿದರೆ ದೇಹದೊಳಗೆ ಅಡ್ಡ ತಿರುಗಿ ಎಷ್ಟೋ ಸಲ ಒಡೆಯುತ್ತದೆ. ಆ ಗಾಯ ಭೀಕರ. ಆದರೆ ದೂರ ಹೋದಂತೆ ವೇಗ ಇಳಿದು ಪರಿಣಾಮವೂ ಕುಗ್ಗುತ್ತದೆ. ಅಫ್ಘಾನಿಸ್ತಾನದ ಬೆಟ್ಟಗಳಲ್ಲಿ ಅಮೆರಿಕದ ಸೈನಿಕರು ದೂರಿದ್ದು ಇದನ್ನೇ. ಮೆಸೇಜ್ ಹುಟ್ಟಿಕೊಳ್ಳಲು ಇಷ್ಟು ಸಾಕಾಯಿತೇನೋ.

ಭಾರತ ಎರಡೂ 7.62ಗಳನ್ನು ಆರಿಸಿಕೊಂಡಿದೆ. 2019ರಲ್ಲಿ 72,400 ಸಿಗ್ ರೈಫಲ್‌ಗಳಿಗೆ ಆರ್ಡರ್ ಕೊಟ್ಟಿತು. 2021ರ ಒಪ್ಪಂದದಂತೆ 6 ಲಕ್ಷಕ್ಕೂ ಹೆಚ್ಚು ಎಕೆ-203 ರೈಫಲ್‌ಗಳನ್ನು ಉತ್ತರ ಪ್ರದೇಶದ ಕೊರ್ವಾದಲ್ಲಿ ಮಾಡಬೇಕು. ಸಿಗ್ ದೂರಕ್ಕೆ ಬಲ ಕೊಡುತ್ತದೆ, ಆದರೆ ಹೊರೆ ಹೆಚ್ಚು. ಎಕೆ ಹತ್ತಿರದ ಕಾದಾಟಕ್ಕೆ ಸರಿ.

ಅಮೆರಿಕವೂ 2022ರಲ್ಲಿ 6.8 ಮಿಲಿಮೀಟರಿನ ಬಲವಾದ ರೈಫಲ್ ಆರಿಸಿತು. ಮೊದಲು 210 ಕಾಡತೂಸು ಒಯ್ಯುತ್ತಿದ್ದ ಸೈನಿಕನಿಗೆ ಹೊಸ ರೈಫಲ್ಲಿನ ಜೊತೆ ಸಿಗುವುದು 140.